ಇಂಜನ್ನಿನ ನೀರು ನೋಡಿದಿರಾ?

(ರೈತರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜ, ಗೊಬ್ಬರ, ಔಷಧಿಗಳ ಮಾತನ್ನೇ ಆಡುವನೆಂದು ತಾವು ಎಣಿಸಿರುತ್ತೀರಿ. ಅದು ಸಹಜ. ನಾನು ಓದಿದುದು ಕೃಷಿ ಡಿಪ್ಲೊಮ; ನಾನು ಮೆಕ್ಯಾನಿಕ್ ಅಲ್ಲ. ಆದರೂ ಇಂದು ಇಂಜನ್ನಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ.

ಕಡೂರಿನ ಕಡೆ ರಾಗಿ ಒಕ್ಕಣೆಯಿರಲಿ, ತರೀಕೆರೆಯ ಕಡೆ ಭದ್ರಾ ನಾಲೆಯ ಕೆಳಗೆ ಗದ್ದೆಯ ಕೆಸರು ಉಳುಮೆಯಿರಲಿ, ಅಜ್ಜಂಪುರದ ಕಡೆ ಈರುಳ್ಳಿಯ ಸಾಗಣೆಯಿರಲಿ, ಈಗ ಎಲ್ಲಕ್ಕೂ ಟ್ರ್ಯಾಕ್ಟರು, ಟಿಲ್ಲರು, ಪಿಕಪ್ ಗಾಡಿ ಬೇಕು. ಕೆಲವರ ಮನೆಯ ಮುಂದೆ ಕಾರೂ ನಿಂತಿದೆ. ಹಿಂದೆ ಎತ್ತು ಹೊತ್ತ ಭಾರವನ್ನು ಇಂದು ಇಂಜನ್ನು ಹೊರುತ್ತಿದೆ. ಅಜ್ಜಂಪುರದ ಅಮೃತಮಹಲ್ ರಾಸುಗಳ ಹೆಸರು ಕೇಳದವರು ಯಾರು? ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ದಂಡಿನ ಸಾಮಾನುಗಳನ್ನು ಎಳೆದ ತಳಿ ಅದು. ಅಂಥ ಎತ್ತಾದರೂ ಬಿಸಿಲಿಗೆ ದಣಿದರೆ ನಾಲಿಗೆ ಚಾಚುತ್ತದೆ, ಏದುಸಿರು ಬಿಡುತ್ತದೆ, ಕೊನೆಗೆ ನಿಂತೇ ಬಿಡುತ್ತದೆ. ನೋಡಿದ ಒಡೆಯನಿಗೆ ತಿಳಿಯುತ್ತದೆ. ಇಂಜನ್ನಿಗೆ ಬಾಯಿಲ್ಲ. ತನ್ನ ದಣಿವನ್ನು ಹೇಳಿಕೊಳ್ಳಲು ಅದಕ್ಕಿರುವುದು ಮುಂದಿನ ಹಲಗೆಯ ಮೇಲಿನ ಒಂದು ಮುಳ್ಳು, ಇಲ್ಲವೆ ಒಂದು ಕೆಂಪು ದೀಪ. ಆ ಮುಳ್ಳು ಸಹ ಒಮ್ಮೊಮ್ಮೆ ಸುಳ್ಳು ಹೇಳುವುದುಂಟು. ಆ ಸುಳ್ಳನ್ನು ನಂಬಿ ಕೆಟ್ಟವನು ನಾನೇ. ಆದುದರಿಂದ ಮೊದಲು ನನ್ನ ಕಥೆಯನ್ನೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ನಡೆದದ್ದು

ಇದು ಆರು ವರ್ಷದ ಹಿಂದಿನ ಮಾತು. ಡಿಪ್ಲೊಮ ಮುಗಿಸಿ ಊರಿನಲ್ಲಿದ್ದೆ. ನಮ್ಮ ತಂದೆಯವರು ಬೇರೊಬ್ಬರಿಂದ ಕೊಂಡ ಹಳೆಯ ಪಿಕಪ್ ಗಾಡಿಯೊಂದಿತ್ತು. ಒಂದು ದಿನ ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಲು ಹೋದ ನನ್ನ ತಾಯಿ, "ಏನೋ, ಗಾಡಿ ನಿಂತ ಕಡೆ ನೆಲ ಒದ್ದೆ ಆಗೈತೆ ಕಣೋ, ನೋಡು" ಎಂದರು. ನಾನು, "ಇಬ್ಬನಿ ಬಿದ್ದಿರುತ್ತೆ ಬಿಡವ್ವ" ಎಂದೆ. ಮಾರನೆಯ ದಿನವೂ ಅವರು ಹೇಳಿದರು. ಆ ಮಾರನೆಯ ದಿನವೂ ಹೇಳಿದರು. ಓದಿದವನು ನಾನು, ನನಗೆ ಅವರ ಮಾತು ಹಿಡಿಸಲಿಲ್ಲ. ಆಮೇಲೆ ಅವರು ಹೇಳುವುದನ್ನು ಬಿಟ್ಟರು. ನೆಲ ಒದ್ದೆಯಾಗುವುದು ಮಾತ್ರ ನಿಲ್ಲಲಿಲ್ಲ.

ಇಪ್ಪತ್ತು ದಿನ ಕಳೆದಿರಬಹುದು. ಈರುಳ್ಳಿ ಹೇರಿಕೊಂಡು ರಾತ್ರಿ ಯಶವಂತಪುರದ ಮಾರುಕಟ್ಟೆಗೆ ಹೊರಟೆವು. ಪಕ್ಕದಲ್ಲಿ ನಮ್ಮ ತಂದೆ. ಬೀರೂರು ದಾಟಿ ಕಡೂರು ದಾಟುವ ಹೊತ್ತಿಗೆ ಮುಳ್ಳು ಮೇಲಕ್ಕೇರಿ ಕೆಂಪು ಗೆರೆಯ ಹತ್ತಿರ ಬಂತು. "ಒಂದು ಗಳಿಗೆ ನಿಲ್ಲಿಸಿ ನೋಡಾನ ಕಣೋ" ಎಂದರು ತಂದೆ. "ಬೆಳಗಾಗೋದ್ರೊಳಗೆ ಸೇರ್ಬೇಕಪ್ಪ, ಅರಸೀಕೆರೇಲಿ ನೋಡಿದ್ರಾಯ್ತು" ಎಂದೆ. ಇನ್ನಷ್ಟು ದೂರ ಹೋಗುವುದರಲ್ಲಿ ಮುಳ್ಳು ತಾನಾಗಿಯೇ ಸರ್ರನೆ ಕೆಳಕ್ಕೆ ಇಳಿಯಿತು. ನನಗೆ ಹಿಗ್ಗು. "ನೋಡಪ್ಪ, ಗಾಳಿಗೆ ತಣ್ಣಗಾಯ್ತು" ಎಂದು ಹೇಳಿ ಗಾಡಿಯನ್ನು ಇನ್ನೂ ಜೋರಾಗಿ ಬಿಟ್ಟೆ. ಬಾಣಾವರದ ಹತ್ತಿರ ಸುಟ್ಟ ವಾಸನೆ ಬಂತು. ಒಳಗಿನಿಂದ ಕಟಕಟ ಸದ್ದಾಯಿತು. ಇಂಜನ್ನು ಬಿಗಿದು ನಿಂತಿತು. ಆಮೇಲೆ ತಿರುಗಲೇ ಇಲ್ಲ.

ಬೆಳಿಗ್ಗೆ ಬೇರೆ ಗಾಡಿಗೆ ಮಾಲು ಬದಲಾಯಿಸಿ, ಬಾಡಿಗೆ ಕೊಟ್ಟು, ಹರಾಜು ಮುಗಿದ ಮೇಲೆ ಮಾರುಕಟ್ಟೆ ಸೇರಿದೆವು. ಸಿಕ್ಕಿದ ಬೆಲೆಗೆ ಕೊಟ್ಟು ಬಂದೆವು. ಇಂಜನ್ನು ಬಿಚ್ಚಿದಾಗ ಅದರ ತಲೆ, ಎಂದರೆ ಸಿಲಿಂಡರ್ ಹೆಡ್, ಸೊಟ್ಟಗಾಗಿತ್ತು, ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಅದರ ರಿಪೇರಿಗಾಗಿ ತಂದೆಯವರು ಸಾಕಿದ ಎರಡು ಹೋರಿಗಳನ್ನು ಮಾರಿದರು. ಮೆಕ್ಯಾನಿಕ್ಕರು ಕೆಳಗಿನ ರಬ್ಬರ್ ಪೈಪನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಕ್ಲಿಪ್ಪಿನ ಬಳಿ ಉಗುರಿನಷ್ಟು ಉದ್ದದ ಬಿರುಕು. "ತಮ್ಮಾ, ಇದನ್ನು ಬದಲಾಯಿಸಿದ್ದರೆ ಸಾಕಾಗಿತ್ತು" ಎಂದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದಂತಾಯಿತು. ತಂದೆಯವರು ನನ್ನನ್ನು ಬೈಯಲಿಲ್ಲ. ಹೋರಿಗಳನ್ನು ಹಿಡಿದುಕೊಂಡು ಹೋದ ದಿನ ತಾಯಿ ಕೊಟ್ಟಿಗೆಯ ಕಡೆ ಹೋಗಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ಪಾಲಿಗೆ ನಿಜವಾಯಿತು. ನಿಮ್ಮ ಪಾಲಿಗೆ ಹಾಗಾಗದಿರಲಿ ಎಂಬುದೇ ಈ ಭಾಷಣದ ಉದ್ದೇಶ.

ಮುಳ್ಳು ಏಕೆ ಸುಳ್ಳು ಹೇಳಿತು?

ಇದನ್ನು ತಿಳಿಯಬೇಕಾದರೆ ಇಂಜನ್ನಿಗೆ ನೀರು ಏತಕ್ಕೆ ಬೇಕೆಂಬುದನ್ನು ತಿಳಿಯಬೇಕು. ಸಿಲಿಂಡರಿನೊಳಗೆ ಡೀಸೆಲ್ ಉರಿಯುವಾಗ ಆ ಕ್ಷಣದಲ್ಲಿ ಶಾಖವು ಸುಮಾರು ೨,೦೦೦ ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಪಿಸ್ಟನ್ ಮಾಡಿರುವ ಅಲ್ಯೂಮಿನಿಯಂ ಕರಗುವುದು ಸುಮಾರು ೬೬೦ ಡಿಗ್ರಿಗೆ. ಹಾಗಾದರೆ ಅದು ಕರಗದೆ ಉಳಿಯುವುದು ಹೇಗೆ? ಹುಟ್ಟಿದ ಶಾಖವನ್ನು ಒಂದೇ ಸಮನೆ ಹೊರಗೆ ಸಾಗಿಸುತ್ತಿರುವುದರಿಂದ. ಸುಮಾರಾಗಿ ಹೇಳುವುದಾದರೆ, ನೀವು ಹಾಕಿದ ಡೀಸೆಲಿನ ಶಾಖದಲ್ಲಿ ಮೂರರಲ್ಲಿ ಒಂದು ಪಾಲು ಗಾಡಿ ಎಳೆಯುತ್ತದೆ, ಒಂದು ಪಾಲು ಹೊಗೆಯೊಡನೆ ಹೋಗುತ್ತದೆ, ಉಳಿದ ಪಾಲಿನ ಬಹುಭಾಗವನ್ನು ನೀರು ಹೊತ್ತು ಹೊರಗೆ ಹಾಕುತ್ತದೆ.

ಆ ನೀರಿನ ದಾರಿ ಬಹಳ ಸುಲಭ. ಸಿಲಿಂಡರುಗಳ ಸುತ್ತಲೂ ನೀರು ಹರಿಯಲು ಟೊಳ್ಳು ಜಾಗವಿದೆ. ವಾಟರ್ ಪಂಪು ನೀರನ್ನು ಅಲ್ಲಿ ನೂಕುತ್ತದೆ. ಕಾದ ನೀರು ಮೇಲಿನ ರಬ್ಬರ್ ಪೈಪಿನ ಮೂಲಕ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ ಫ್ಯಾನಿನ ಗಾಳಿಗೆ ತಣ್ಣಗಾಗಿ, ಕೆಳಗಿನ ಪೈಪಿನ ಮೂಲಕ ಮತ್ತೆ ಇಂಜನ್ನಿಗೆ ಹೋಗುತ್ತದೆ. ನಡುವೆ ಥರ್ಮೋಸ್ಟ್ಯಾಟ್ ಎಂಬ ಒಂದು ಸಣ್ಣ ಬಾಗಿಲು ಇದೆ. ಇಂಜನ್ನು ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ನೀರು ಸುಮಾರು ೮೦ರಿಂದ ೯೦ ಡಿಗ್ರಿಗೆ ಬಂದಾಗ ಅದರೊಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಇಷ್ಟೇ ವ್ಯವಸ್ಥೆ.

ಈಗ ಮುಳ್ಳಿನ ವಿಷಯ. ಶಾಖ ಅಳೆಯುವ ಗುಂಡಿ ನೀರಿನಲ್ಲಿ ಮುಳುಗಿರಬೇಕು. ನೀರೆಲ್ಲ ಸೋರಿಹೋದರೆ ಆ ಗುಂಡಿ ಬರಿಯ ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯು ನೀರಿನಂತೆ ಶಾಖವನ್ನು ಮುಟ್ಟಿಸಲಾರದು. ಇಂಜನ್ನು ಬೇಯುತ್ತಿದ್ದರೂ ಮುಳ್ಳು ಇಳಿಯುತ್ತದೆ. ಆದುದರಿಂದ ಈ ಒಂದು ಮಾತನ್ನು ನೆನಪಿಡಿ: ಮೇಲೇರಿದ ಮುಳ್ಳು, ನೀವು ಏನೂ ಮಾಡದೆ, ತಟ್ಟನೆ ಕೆಳಗಿಳಿದರೆ ಅದು ಶುಭವಲ್ಲ. ನೀರು ಮುಗಿಯಿತೆಂದೇ ತಿಳಿದು ಕೂಡಲೆ ಇಂಜನ್ನು ನಿಲ್ಲಿಸಿ.

ರೋಗ ಕಂಡುಹಿಡಿಯುವ ಕ್ರಮ

ಬೆಳೆಗೆ ರೋಗ ಬಂದಾಗ ನಾನು ತಮಗೆ ಹೇಳುವುದೇನು? ಔಷಧಿ ಅಂಗಡಿಗೆ ಓಡುವ ಮೊದಲು ಎಲೆಯ ಕೆಳಗೆ ನೋಡಿ, ಬೇರು ಕಿತ್ತು ನೋಡಿ ಎನ್ನುತ್ತೇನೆ. ಇಂಜನ್ನಿಗೂ ಅದೇ ಕ್ರಮ. ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಿ. ಬಿಚ್ಚುವ ಪರೀಕ್ಷೆ ಕೊನೆಗೆ. ಇಂಜನ್ನು ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ ಹೊತ್ತು, ಹೀಗೆ ನೋಡಿ.

ಮೊದಲನೆಯದು ನೀರಿನ ಮಟ್ಟ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ನೀರಿರಬೇಕು. ಡಬ್ಬಿಯನ್ನು ಮಾತ್ರ ನಂಬಬೇಡಿ. ರೇಡಿಯೇಟರಿಗೆ ಬೇರೆ ಕ್ಯಾಪು ಇದ್ದರೆ, ತಣ್ಣಗಿರುವಾಗ ಅದನ್ನು ತೆಗೆದು, ಬಾಯಿವರೆಗೆ ಇದೆಯೇ ನೋಡಿ. ಆಗಾಗ್ಗೆ ಕಡಿಮೆಯಾಗುತ್ತಿದ್ದರೆ ಸುಮ್ಮನೆ ತುಂಬಿಸುತ್ತ ಹೋಗಬೇಡಿ; ಅದು ಎಲ್ಲಿಗೆ ಹೋಗುತ್ತಿದೆಯೆಂದು ಹುಡುಕಿ.

ಎರಡನೆಯದು ಸೋರುವಿಕೆ. ಗಾಡಿ ನಿಂತ ನೆಲ ನೋಡಿ. ಅನುಮಾನವಿದ್ದರೆ ರಾತ್ರಿ ಕೆಳಗೆ ಒಂದು ರಟ್ಟನ್ನು ಹಾಸಿ. ರಬ್ಬರ್ ಪೈಪುಗಳನ್ನು ಕೈಯಲ್ಲಿ ಹಿಸುಕಿ ನೋಡಿ. ಬೆಂಡಿನಂತೆ ಮೆತ್ತಗಾಗಿದ್ದರೆ, ಇಲ್ಲವೆ ಒಣಗಿ ಬಿರುಕು ಬಿಟ್ಟಿದ್ದರೆ, ಬದಲಾಯಿಸಿ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತಿರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲು ಸವೆದಿದೆಯೆಂದು ಅರ್ಥ. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುವವರಿದ್ದಾರೆ, ಅದು ತಪ್ಪು. ರೋಗ ಹೇಳುವ ಬಾಯನ್ನೇ ಮುಚ್ಚಿದಂತಾಯಿತು.

ಮೂರನೆಯದು ಬೆಲ್ಟು. ಪಂಪು, ಫ್ಯಾನು ಬೆಲ್ಟಿನಿಂದ ತಿರುಗುವ ಇಂಜನ್ನುಗಳಲ್ಲಿ ಬೆಲ್ಟನ್ನು ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸಾಧಾರಣವಾಗಿ ಅರ್ಧ ಅಂಗುಲದಷ್ಟು ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ. ನೀರೂ ಓಡುವುದಿಲ್ಲ, ಗಾಳಿಯೂ ಬೀಸುವುದಿಲ್ಲ. ತೀರ ಬಿಗಿಯಾದರೆ ಪಂಪಿನ ಬೇರಿಂಗು ಹೋಗುತ್ತದೆ.

ನಾಲ್ಕನೆಯದು ರೇಡಿಯೇಟರಿನ ಮುಖ. ರಾಗಿ ಒಕ್ಕುವಾಗ ಟ್ರ್ಯಾಕ್ಟರು ಒಂದೇ ಕಡೆ ನಿಂತು ಗಂಟೆಗಟ್ಟಲೆ ದುಡಿಯುತ್ತದೆ. ಹೊಟ್ಟು, ಧೂಳು ಎಲ್ಲವನ್ನೂ ಫ್ಯಾನು ಎಳೆದು ರೇಡಿಯೇಟರಿನ ಸಂದುಗಳಲ್ಲಿ ತುಂಬುತ್ತದೆ. ಮೂಗು ಕಟ್ಟಿದ ಎತ್ತು ಹೇಗೆ ದುಡಿದೀತು? ಒಕ್ಕಣೆಯ ದಿನಗಳಲ್ಲಿ ಪ್ರತಿದಿನ ಇಂಜನ್ನು ನಿಲ್ಲಿಸಿ ಮುಂದಿನ ಜಾಲರಿಯನ್ನು ಒದರಿ. ರೇಡಿಯೇಟರನ್ನು ತಣ್ಣಗಾದ ಮೇಲೆ ಫ್ಯಾನಿನ ಕಡೆಯಿಂದ ಮುಂದಕ್ಕೆ, ಎಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಮೆಲ್ಲಗೆ ಗಾಳಿಯಿಂದಲೋ ನೀರಿನಿಂದಲೋ ತೊಳೆಯಿರಿ. ತೊಳೆಯುವ ಅಂಗಡಿಯ ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ತೆಳ್ಳನೆಯ ಹಾಳೆಗಳು ಮಡಿಸಿಹೋಗುತ್ತವೆ.

ಐದನೆಯದು, ಯಾವಾಗ ಬಿಸಿಯಾಗುತ್ತದೆ ಎಂಬ ಪ್ರಶ್ನೆ. ಮೆಕ್ಯಾನಿಕ್ಕರ ಬಳಿಗೆ ಹೋಗುವಾಗ ಈ ಉತ್ತರವನ್ನು ಒಯ್ದರೆ ಅರ್ಧ ರಿಪೇರಿ ಆದಂತೆ. ನಿಂತಾಗ, ಸಂತೆಯ ಜನಸಂದಣಿಯಲ್ಲಿ ಮೆಲ್ಲಗೆ ಹೋಗುವಾಗ ಬಿಸಿಯಾಗಿ, ರಸ್ತೆಯಲ್ಲಿ ಓಡುವಾಗ ಸರಿಹೋದರೆ ಫ್ಯಾನಿನ ಮೇಲೆ ಅನುಮಾನ ಪಡಿ. ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನದು, ಫ್ಯೂಸು ಹೋಗಿರಬಹುದು. ಹೇರು ತುಂಬಿಕೊಂಡು ಏರು ಹತ್ತುವಾಗ ಮಾತ್ರ, ಉದಾಹರಣೆಗೆ ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವಾಗ, ಬಿಸಿಯಾದರೆ ರೇಡಿಯೇಟರು ಒಳಗೋ ಹೊರಗೋ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಸ್ಟಾರ್ಟು ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರಿ, ರೇಡಿಯೇಟರು ಮಾತ್ರ ತಣ್ಣಗಿದ್ದರೆ ಥರ್ಮೋಸ್ಟ್ಯಾಟಿನ ಬಾಗಿಲು ತೆರೆಯುತ್ತಿಲ್ಲ.

ಥರ್ಮೋಸ್ಟ್ಯಾಟನ್ನು ಪರೀಕ್ಷಿಸುವುದು ಸುಲಭ. ಬಿಚ್ಚಿ ತೆಗೆದು, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ. ಕುದಿಯುವ ಮೊದಲೇ ಬಾಗಿಲು ತೆರೆಯಬೇಕು, ಆರಿದಾಗ ಮುಚ್ಚಬೇಕು. ಕೆಟ್ಟಿದ್ದರೆ ಹೊಸದು ಹಾಕಿ. "ನಮ್ಮ ಬಿಸಿಲಿಗೆ ಇದು ಬೇಡವೇ ಬೇಡ" ಎಂದು ಕಿತ್ತು ಎಸೆಯುವ ರೂಢಿ ಹಲವೆಡೆ ಇದೆ. ಅದು ಸರಿಯಲ್ಲ. ಬಾಗಿಲಿಲ್ಲದ ಇಂಜನ್ನು ಬೇಗ ಕಾಯುವುದಿಲ್ಲ. ತಣ್ಣಗಿರುವ ಇಂಜನ್ನು ಹೆಚ್ಚು ಡೀಸೆಲ್ ಕುಡಿಯುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ಕೆಲವು ಇಂಜನ್ನುಗಳಲ್ಲಂತೂ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಬಿಸಿ ಇನ್ನೂ ಹೆಚ್ಚುತ್ತದೆ.

ಆರನೆಯದು ದೊಡ್ಡ ರೋಗದ ಗುರುತುಗಳು. ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಕಾದ ಮೇಲೂ ಹೊಗೆಕೊಳವೆಯಿಂದ ಬಿಳಿ ಹೊಗೆ ಬರುತ್ತಿದ್ದರೆ, ರೇಡಿಯೇಟರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ, ಇಂಜನ್ ಆಯಿಲ್ಲು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆಯೆಂದು ಶಂಕಿಸಬೇಕು. ಆಗ ಗಾಡಿಯನ್ನು ಓಡಿಸಬೇಡಿ. ಬೇರೆ ಗಾಡಿಗೆ ಕಟ್ಟಿ ಎಳೆದುಕೊಂಡು ಹೋದರೂ ಲಾಭವೇ.

ನಮ್ಮ ಬೋರಿನ ನೀರು

೧೯೫೨ರ ಅಕ್ಟೋಬರ್ ೨ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಆ ಕಾಲದ ಬ್ಲಾಕಿನ ಜೀಪುಗಳ ಮಾತನ್ನು ಹಿರಿಯರಿಂದ ಕೇಳಿದ್ದೇನೆ. ಆಗಿನ ಡ್ರೈವರುಗಳು ಗಾಡಿಯ ಮುಂದೆ ಕ್ಯಾನ್ವಾಸ್ ಬಟ್ಟೆಯ ನೀರಿನ ಚೀಲ ತೂಗುಹಾಕಿಕೊಂಡಿರುತ್ತಿದ್ದರಂತೆ. ಕೆರೆ ಕಂಡಲ್ಲಿ ನಿಲ್ಲಿಸಿ ನೀರು ತುಂಬಿಸುತ್ತಿದ್ದರಂತೆ. ಇಂದಿನ ಗಾಡಿಗಳು ಅಷ್ಟು ನೀರು ಕೇಳುವುದಿಲ್ಲ. ಅವು ಕೇಳುವುದಿಲ್ಲವೆಂದು ನಾವು ನೋಡುವುದನ್ನೇ ಬಿಟ್ಟಿದ್ದೇವೆ. ಕೇಳಿದ ದಿನ ಕೈಗೆ ಸಿಕ್ಕ ಬೋರಿನ ನೀರನ್ನು ಸುರಿಯುತ್ತೇವೆ.

ತಾಯಂದಿರಿಗೆ ಒಂದು ಪ್ರಶ್ನೆ. ಬೋರಿನ ಗಡಸು ನೀರು ಕಾಯಿಸುವ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿದ್ದೀರಲ್ಲ, ಏನು ಸಿಗುತ್ತದೆ? ಸುಣ್ಣದಂಥ ಬಿಳಿ ಪದರ. ನೆಲದಾಳದ ಕಲ್ಲಿನಿಂದ ನೀರಿನಲ್ಲಿ ಕರಗಿಬಂದ ಸುಣ್ಣದ ಅಂಶವು ಕಾಯಿಸಿದಾಗ ಬೇರ್ಪಟ್ಟು ಗೋಡೆಗೆ ಕಚ್ಚುತ್ತದೆ. ಹಂಡೆಯಲ್ಲಿ ಆಗುವುದೇ ಇಂಜನ್ನಿನ ಒಳಗೂ ಆಗುತ್ತದೆ. ಈ ಪದರ ಶಾಖವನ್ನು ಸಾಗಿಸುವುದು ಕಬ್ಬಿಣಕ್ಕಿಂತ ಇಪ್ಪತ್ತು ಪಟ್ಟಿಗೂ ಕಡಿಮೆ. ಹೊರಗಿನಿಂದ ನೋಡಿದರೆ ನೀರು ತುಂಬಿದೆ. ಒಳಗೆ ಸಿಲಿಂಡರಿಗೆ ಕಂಬಳಿ ಹೊದಿಸಿದಂತಾಗಿದೆ. ರೇಡಿಯೇಟರಿನ ಸಣ್ಣ ಕೊಳವೆಗಳಂತೂ ಒಂದೊಂದಾಗಿ ಮುಚ್ಚಿಹೋಗುತ್ತವೆ.

ಹಾಗಾದರೆ ಏನು ಹಾಕಬೇಕು? ಗಾಡಿಯ ಪುಸ್ತಕದಲ್ಲಿ ಹೇಳಿರುವ ಕೂಲಂಟನ್ನು, ಹೇಳಿರುವ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕೆ ಅರ್ಧ, ಶುದ್ಧ ಡಿಸ್ಟಿಲ್ಡ್ ನೀರಿನೊಡನೆ ಬೆರೆಸಿ ಹಾಕಬೇಕು. ಬ್ಯಾಟರಿ ಅಂಗಡಿಯಲ್ಲಿ ಈ ನೀರು ಸಿಗುತ್ತದೆ. ಆಸಿಡ್ ಅಲ್ಲದ, ಬರಿಯ ನೀರೆಂದು ಕೇಳಿ ಕೊಳ್ಳಿ. ಬೆರೆಸಿಯೇ ಮಾರುವ ಕೂಲಂಟೂ ಉಂಟು; ಅದಕ್ಕೆ ಮತ್ತೆ ನೀರು ಸೇರಿಸಬಾರದು. "ಕೂಲಂಟು ಹಿಮ ಬೀಳುವ ಊರಿಗೆ ತಾನೆ, ನಮಗೇಕೆ?" ಎಂದು ಕೇಳುವವರಿದ್ದಾರೆ. ನೀರು ಹೆಪ್ಪುಗಟ್ಟದಂತೆ ಮಾಡುವುದು ಅದರ ಒಂದು ಕೆಲಸ ಮಾತ್ರ. ತುಕ್ಕು ಹಿಡಿಯದಂತೆ ಕಾಯುವುದು, ನೀರು ಕುದಿಯುವ ಮಟ್ಟವನ್ನು ಏರಿಸುವುದು ಅದರ ಉಳಿದ ಕೆಲಸಗಳು. ಇವೆರಡೂ ನಮಗೆ ಬೇಕು. ಬೇರೆ ಬೇರೆ ಜಾತಿಯ ಕೂಲಂಟುಗಳನ್ನು ಬೆರೆಸಬೇಡಿ. ಪುಸ್ತಕ ಹೇಳಿದ ಅವಧಿಗೆ ಬದಲಾಯಿಸಿ.

ದಾರಿಯಲ್ಲಿ ಬೇರೇನೂ ಸಿಗದಿದ್ದರೆ ಬೋರಿನ ನೀರಿಗಿಂತ, ಚೊಕ್ಕಟವಾದ ಮಾಡಿನಿಂದ ಹಿಡಿದು ಸೋಸಿಟ್ಟ ಮಳೆಯ ನೀರು ಮೇಲು; ಅದರಲ್ಲಿ ಸುಣ್ಣದ ಅಂಶವಿಲ್ಲ. ಯಾವ ನೀರೂ ಇಲ್ಲದಾಗ ಬೋರಿನ ನೀರನ್ನೇ ಹಾಕಿ ಇಂಜನ್ನನ್ನು ಉಳಿಸಿಕೊಳ್ಳಿ. ಆದರೆ ಮನೆಗೆ ಬಂದ ಮೇಲೆ ಅದನ್ನು ತೆಗೆಸಿ. ಕಟ್ಟಿದ ಪದರವನ್ನು ಬಿಡಿಸಲೆಂದು ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಸುರಿಯಬೇಡಿ. ಅದು ಪದರದೊಡನೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ.

ಕ್ಯಾಪಿನ ಅಪಾಯ

ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿಗೆ ಕುದಿಯುತ್ತದೆ. ಕಡೂರು ಸುಮಾರು ೨,೫೦೦ ಅಡಿ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ೯೭-೯೮ ಡಿಗ್ರಿಗೇ ಕುದಿಯುತ್ತದೆ. ಕೆಮ್ಮಣ್ಣುಗುಂಡಿಯಲ್ಲಿ ಸುಮಾರು ೯೫ಕ್ಕೆ. ಇಂಜನ್ನಿನ ನೀರು ಹೀಗೆ ಕುದಿದು ಹೋಗದಂತೆ ತಡೆಯುವುದು ರೇಡಿಯೇಟರಿನ ಕ್ಯಾಪು. ಅದು ಬರಿಯ ಮುಚ್ಚಳವಲ್ಲ. ಅಡಿಗೆಯ ಕುಕ್ಕರಿನಂತೆ ಒಳಗೆ ಒತ್ತಡವನ್ನು ಹಿಡಿದಿಟ್ಟು, ನೀರು ಸುಮಾರು ೧೧೫ ಡಿಗ್ರಿಯವರೆಗೂ ಕುದಿಯದಂತೆ ಮಾಡುತ್ತದೆ. ಅದರ ರಬ್ಬರು ಸವೆದು, ಸ್ಪ್ರಿಂಗು ಸೋತರೆ ಒಳ್ಳೆಯ ಇಂಜನ್ನೂ ಕುದಿಯುತ್ತದೆ. ಆದುದರಿಂದ ಕ್ಯಾಪು ಬದಲಾಯಿಸುವಾಗ ಅದೇ ಅಳತೆಯದನ್ನು ತನ್ನಿ. ಬಟ್ಟೆ ತುರುಕುವುದು, ಸಿಕ್ಕಿದ ಮುಚ್ಚಳ ಹಾಕುವುದು ಸಲ್ಲದು.

ಆದರೆ ಕುಕ್ಕರಿನ ಗುಣವಿದ್ದಲ್ಲಿ ಕುಕ್ಕರಿನ ಅಪಾಯವೂ ಉಂಟು. ಕಾದ ಇಂಜನ್ನಿನ ಕ್ಯಾಪನ್ನು ತೆಗೆದ ಕ್ಷಣವೇ ಒತ್ತಡ ಇಳಿಯುತ್ತದೆ. ಅದುವರೆಗೆ ಸುಮ್ಮನಿದ್ದ ನೀರು ಒಮ್ಮೆಗೇ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಣ್ಣು, ಮುಖ ಎರಡೂ ಹೋಗಬಹುದು. ಕಡೆಯ ಪಕ್ಷ ಅರ್ಧ ಗಂಟೆ ಕಾಯಿರಿ. ಮೇಲಿನ ಪೈಪನ್ನು ಮುಟ್ಟಿ, ಕೈ ಸುಡದೆ ಮೆತ್ತಗಿದ್ದರೆ ಮಾತ್ರ, ದಪ್ಪ ಬಟ್ಟೆ ಹಿಡಿದು, ಮುಖ ಹಿಂದಕ್ಕೆ ಮಾಡಿ, ಮೊದಲ ಸುತ್ತಿಗೆ ನಿಲ್ಲಿಸಿ, ಉಸಿರು ಹೋದ ಮೇಲೆ ತೆಗೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಾರಿನ ವಿದ್ಯುತ್ ಫ್ಯಾನು ಇಂಜನ್ನು ನಿಲ್ಲಿಸಿದ ಮೇಲೂ ತಟ್ಟನೆ ತಿರುಗಬಹುದು, ಅಲ್ಲಿ ಬೆರಳಿಡಬೇಡಿ. ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಪೇಸ್ಟು, ಎಣ್ಣೆ, ಶಾಯಿ ಹಚ್ಚಬೇಡಿ.

ದಾರಿಯಲ್ಲಿ ಬಿಸಿಯಾದಾಗ

ಮುಳ್ಳು ಏರತೊಡಗಿದರೆ ಏ.ಸಿ. ಇದ್ದರೆ ಆರಿಸಿ. ಕಾರಿನಲ್ಲಿ ಹೀಟರು ಇದ್ದರೆ ಪೂರ್ತಿ ತಿರುಗಿಸಿ. ಸೆಕೆಯಾದರೂ ಸರಿಯೆ, ಅದು ಇಂಜನ್ನಿನ ಶಾಖವನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಹೇರು ಎಳೆಯುವುದನ್ನು ನಿಲ್ಲಿಸಿ ರಸ್ತೆಯ ಬದಿಗೆ ಬನ್ನಿ. ನೀರು ಇದ್ದು, ಬೆಲ್ಟು ಓಡುತ್ತಿದ್ದು, ಉಗಿ ಬರದಿದ್ದರೆ ಕೆಲವು ನಿಮಿಷ ಮೆಲ್ಲಗೆ ಓಡಲು ಬಿಡಿ. ಮುಳ್ಳು ನಿಧಾನವಾಗಿ ಇಳಿಯುತ್ತದೆ. ಉಗಿ ಬಂದರೆ, ಬೆಲ್ಟು ಹರಿದಿದ್ದರೆ, ನೀರು ಸುರಿದುಹೋಗಿದ್ದರೆ, ಮುಳ್ಳು ತಟ್ಟನೆ ಬಿದ್ದರೆ, ಆ ಕ್ಷಣವೇ ನಿಲ್ಲಿಸಿ. "ಇನ್ನೆರಡು ಮೈಲಿ" ಎಂಬ ಆಸೆ ಬೇಡ.

ಇನ್ನೊಂದು ಮಾತು. ಬಿಸಿ ಇಂಜನ್ನಿನ ಮೇಲಾಗಲಿ ಒಳಗಾಗಲಿ ತಣ್ಣೀರು ಸುರಿಯಬೇಡಿ. ಒಲೆಯ ಮೇಲಿನ ಕಾದ ಹೆಂಚಿಗೆ ತಣ್ಣೀರು ಹಾಕಿದರೆ ಏನಾಗುತ್ತದೆ? ಸಿಲಿಂಡರ್ ಹೆಡ್ಡೂ ಹಾಗೆಯೇ ಸೀಳುತ್ತದೆ. ಆರಿದ ಮೇಲೆ, ಇಂಜನ್ನನ್ನು ಓಡಿಸುತ್ತ, ಸ್ವಲ್ಪ ಸ್ವಲ್ಪವಾಗಿ ತುಂಬಿಸಿ.

ರಾಸುಗಳ ಜೋಪಾನ

ಕೂಲಂಟಿನ ರುಚಿ ಸಿಹಿ, ಗುಣ ವಿಷ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಿದರೂ, ಬಕೇಟಿನಲ್ಲಿಟ್ಟದ್ದನ್ನು ಕರು ಕುಡಿದರೂ ಸಾಯಬಹುದು. ಮಕ್ಕಳಿಗೂ ಅದೇ ಅಪಾಯ. ಹಳೆಯದನ್ನು ತೆಗೆದಾಗ ಕಾಲುವೆಗೆ, ಬಾನಿಯ ಹತ್ತಿರ, ಬೋರಿನ ಸುತ್ತ ಚೆಲ್ಲದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ವರ್ಕ್‌ಷಾಪಿಗೆ ಒಪ್ಪಿಸಿ. ಕುಡಿಯುವ ನೀರಿನ ಬಾಟಲಿಯಲ್ಲಂತೂ ಎಂದಿಗೂ ತುಂಬಿಡಬೇಡಿ.

ಕೊನೆಯ ಮಾತು

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಬಸವನ ದಿನ. ಹಿರಿಯರು ದುಡಿಯುವ ಪ್ರಾಣಿಗೆ ಒಂದು ದಿನ ಬಿಟ್ಟರು. ನಾನು ಕೇಳುವುದು ಇಂಜನ್ನಿಗೆ ಇಡೀ ದಿನವನ್ನಲ್ಲ. ಸೋಮವಾರ ಬೆಳಿಗ್ಗೆ ಹತ್ತು ನಿಮಿಷ. ನೀರಿನ ಮಟ್ಟ, ಪೈಪು, ಬೆಲ್ಟು, ರೇಡಿಯೇಟರಿನ ಮುಖ, ಈ ನಾಲ್ಕನ್ನು ನೋಡಿ. ದಿನವೂ ದುಡಿಯುವ ಟ್ರ್ಯಾಕ್ಟರಿಗೆ ನೀರನ್ನು ದಿನವೂ ನೋಡಿ. ವರ್ಷಕ್ಕೊಮ್ಮೆ, ಆಯುಧಪೂಜೆಗೆಂದು ಗಾಡಿ ತೊಳೆಯುವ ದಿನ, ಕ್ಯಾಪನ್ನೂ ಪೈಪುಗಳ ಕ್ಲಿಪ್ಪುಗಳನ್ನೂ ಪರೀಕ್ಷಿಸಿ, ಕೂಲಂಟು ಬದಲಾಯಿಸಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೂವು ಮುಡಿಸಿ ನಿಂಬೆಹಣ್ಣು ಕಟ್ಟಿದರೆ ಪೂಜೆ ಅರ್ಧವಾಯಿತು, ಇದು ಉಳಿದರ್ಧ.

ನಮ್ಮ ಮನೆಯಲ್ಲಿ ಆ ಗಾಡಿ ಇಂದಿಗೂ ಓಡುತ್ತಿದೆ. ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಬರುವ ತಾಯಿಯನ್ನು, "ಅವ್ವ, ನೆಲ ಹೆಂಗೈತೆ?" ಎಂದು ನಾನೇ ಕೇಳುತ್ತೇನೆ. "ಒಣಗೈತೆ ಕಣಪ್ಪ" ಎನ್ನುತ್ತಾರೆ. 

ನಿಮ್ಮ ಮನೆಯಲ್ಲೂ ಅಂಗಳ ಗುಡಿಸುವ ಕೈಗಳಿವೆ. ಅವರು ಹೇಳುವ ಮಾತಿಗೆ ಕಿವಿಗೊಡಿ. ಈಗ ಹೊರಗೆ ನಿಂತಿರುವ ಟ್ರ್ಯಾಕ್ಟರು ಆರಿ ತಣ್ಣಗಾಗಿದೆ. ಬನ್ನಿ, ಎಲ್ಲರೂ ಸೇರಿ ಅದರ ನೀರು ನೋಡೋಣ.